ತಿಂಗಳು ತುಂಬದ ಮಗುವಿಗೆ ನಂಜು: ಮನೆಯಲ್ಲಿ ಪತ್ತೆ ಹಚ್ಚುವುದು ಹೇಗೆ

37 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ರಕ್ತದ ನಂಜು (ರೋಗಾಣು ರಕ್ತಕ್ಕೆ ಹರಡುವ ಸೋಂಕು) ತಗಲಬಹುದು. ತಾಯಿಯ ರೋಗನಿರೋಧಕ ಅಂಶಗಳು ಮಗುವಿಗೆ ಹೆಚ್ಚಾಗಿ ಇಳಿಯುವುದು ಕೊನೆಯ ತಿಂಗಳುಗಳಲ್ಲಿ. ಬೇಗ ಹುಟ್ಟಿದ ಮಕ್ಕಳಿಗೆ ಆ ಪಾಲು ಪೂರ್ತಿ ಸಿಕ್ಕಿರುವುದಿಲ್ಲ. ಜ್ವರ ಬಂದರೆ ನೋಡೋಣ ಎಂದು ಕಾಯಬೇಡಿ. ನಂಜಾದಾಗ ಇಂಥ ಮಕ್ಕಳ ಮೈ ಎಷ್ಟೋ ಸಲ ತಣ್ಣಗಾಗುತ್ತದೆ. "ಪಾಪ, ಅಳೋದೇ ಇಲ್ಲ, ಮಲಗೇ ಇರುತ್ತೆ" ಎಂದು ಅಜ್ಜಿ ಮೆಚ್ಚುವ ಮಗುವನ್ನೇ ಮೊದಲು ಪರೀಕ್ಷಿಸಿ.

ಕಂಕುಳು ಒರೆಸಿ, ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಅಲ್ಲಿಟ್ಟು, ಬೀಪ್ ಆಗುವವರೆಗೆ ತೋಳನ್ನು ಮೈಗೆ ಒತ್ತಿ ಹಿಡಿಯಿರಿ. 97.7ರಿಂದ 99.5 ಡಿಗ್ರಿ ಫ್ಯಾರನ್‌ಹೀಟ್ ಸರಿ. 95.9ಕ್ಕಿಂತ ಕಡಿಮೆ ಅಥವಾ 99.5ಕ್ಕಿಂತ ಹೆಚ್ಚಿದ್ದರೆ ಕೂಡಲೇ ಆಸ್ಪತ್ರೆ. 95.9ರಿಂದ 97.7ರ ನಡುವಿನ ತಣುಪಿಗೆ, ಮಗು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಮಾತ್ರ, ತಾಯಿಯ ಎದೆಗೆ ಬರಿಮೈಯಲ್ಲಿ ಅಪ್ಪಿಸಿ ಒಂದು ಗಂಟೆ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಹೊರಡಿ. ತೆರೆಯ ಮೇಲೆ 'ಲೋ' ಎಂದು ಬಂದರೆ ಥರ್ಮಾಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಉಸಿರನ್ನು ಹೊಟ್ಟೆಯ ಏರಿಳಿತ ನೋಡಿ ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಈ ಮಕ್ಕಳು 5-10 ಸೆಕೆಂಡು ಉಸಿರು ನಿಲ್ಲಿಸಿ ಮತ್ತೆ ಸರಸರನೆ ಎಳೆಯುವುದು ಸಹಜ. 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ; ಮತ್ತೂ ಅಷ್ಟೇ ಇದ್ದರೆ, ಎದೆ ಒಳಗೆ ಸೆಳೆದರೆ, ನರಳಿದರೆ, ಉಸಿರು 20 ಸೆಕೆಂಡು ನಿಂತರೆ ಅಥವಾ ತುಟಿ ನೀಲಿಗಟ್ಟಿದರೆ ತಡಮಾಡಬೇಡಿ. ನಿನ್ನೆ ಚೀಪುತ್ತಿದ್ದ ಮಗು ಇಂದು ಬಿಟ್ಟರೆ, ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಫಿಟ್ಸ್ ಬಂದರೆ, ಹೊಕ್ಕುಳ ಸುತ್ತ ಕೆಂಪು ಹರಡಿದರೆ ಕೂಡ ಹಾಗೆಯೇ. ದೃಷ್ಟಿ ತೆಗೆಯುವುದಿದ್ದರೆ ಆಸ್ಪತ್ರೆಯಿಂದ ಬಂದ ಮೇಲೆ ತೆಗೆಯಬಹುದು.

108ಕ್ಕೆ ಕರೆ ಮಾಡಿ. ಟೋಪಿ, ಕಾಲುಚೀಲ ಹಾಕಿ ಎದೆಗಪ್ಪಿಕೊಂಡೇ ಒಯ್ಯಿರಿ, ಮೂಗು-ಬಾಯಿ ಮುಚ್ಚದಿರಲಿ. ಚೀಪುವ ಶಕ್ತಿ ಇದ್ದರೆ ಹಾಲು ಕುಡಿಸಿ, ಸಕ್ಕರೆ ಅಂಶ ಇಳಿಯದಿರಲಿ. ಚೀಪಲು ಶಕ್ತಿ ಇಲ್ಲದಿದ್ದರೆ ಒಳಲೆಯಲ್ಲಿ ಸುರಿಯಬೇಡಿ, ಹಾಲು ಶ್ವಾಸಕೋಶಕ್ಕೆ ಇಳಿದೀತು. ಅಣ್ಣನಿಗೆ ತಂದಿದ್ದ ಆಂಟಿಬಯಾಟಿಕ್ ಡ್ರಾಪ್ಸ್ ಎರಡು ಹನಿಯೂ ಬೇಡ: ನಂಜು ಹೋಗುವುದಿಲ್ಲ, ರಕ್ತದ ಕಲ್ಚರಿನಲ್ಲಿ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ರೋಗಾಣು ಮಾತ್ರ ಸಿಗದೆ ಹೋಗಬಹುದು. ಡಿಸ್ಚಾರ್ಜ್ ಕಾರ್ಡ್ ಜೊತೆಗಿರಲಿ.

ಉಳಿದ ದಿನಗಳಲ್ಲಿ ಮಗುವನ್ನು ಮುಟ್ಟುವ ಪ್ರತಿಯೊಬ್ಬರೂ ಬಳೆ, ಉಂಗುರ ತೆಗೆದು ಸೋಪಿನಲ್ಲಿ 40 ಸೆಕೆಂಡಾದರೂ ಕೈ ತೊಳೆಯಲಿ. ಹೊಕ್ಕುಳಿಗೆ ಎಣ್ಣೆ, ಅರಿಸಿನ, ಬೂದಿ ಯಾವುದೂ ಬೇಡ. ಬಜೆ ತೇಯ್ದು ನೆಕ್ಕಿಸುವುದೂ ಬೇಡ; ತೇಯುವ ಕಲ್ಲು ಯಾರ ಮನೆಯಲ್ಲೂ ಅಷ್ಟು ಶುದ್ಧವಾಗಿರುವುದಿಲ್ಲ.