ಬಾವಿಗೆ ಇಳಿಬಿಟ್ಟ ಸೆನ್ಸರ್ ಗಾಳಿಯನ್ನೂ ತೂಗುತ್ತದೆ

ನಮ್ಮ ತೋಟ ಕೊಡಗಿನ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ. ಮನೆ ಹಿಂದೆ ಅಪ್ಪನ ಕಾಲದ ತೆರೆದ ಬಾವಿ ಇದೆ. ಮಳೆಗಾಲದಲ್ಲಿ ಬಗ್ಗಿ ಚೆಂಬಿನಲ್ಲಿ ನೀರು ಮೊಗೆಯಬಹುದು. ಮಾರ್ಚ್ ಬಂದರೆ ನೀರು ಕೆಳಗೆ, ತುಂಬಾ ಕೆಳಗೆ. ಎರಡು ವರ್ಷದ ಹಿಂದೆ ಪಕ್ಕದ ತೋಟದ ಅಣ್ಣ ಬೇಲಿ ಹತ್ತಿರವೇ ಹೊಸ ಬೋರ್ ಕೊರೆಸಿದರು. ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕದೆ ಆಗುವುದಿಲ್ಲ, ಅದು ನನಗೂ ಗೊತ್ತು. ಆದರೂ ಆ ಬೋರ್ ನಮ್ಮ ಬಾವಿಯನ್ನು ಎಳೆಯುತ್ತಿದೆಯಾ ಎನ್ನುವ ಅನುಮಾನ ತಲೆಯಿಂದ ಹೋಗಲಿಲ್ಲ.

ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ಬಾವಿಗಳನ್ನು ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ. ನನಗೆ ಬೇಕಿದ್ದದ್ದು ಒಂದೇ ದಿನದೊಳಗಿನ ಕಥೆ. ಹಾಗಾಗಿ ಒಳಗೆ ಒತ್ತಡದ ಸೆನ್ಸರ್ ಇರುವ, ಬೆರಳಷ್ಟು ದಪ್ಪದ ಒಂದು ಲಾಗರ್ ತರಿಸಿದೆ. ಸ್ಟೀಲ್ ತಂತಿಯಲ್ಲಿ ಬಾವಿಗೆ ಇಳಿಬಿಟ್ಟರೆ ಹದಿನೈದು ನಿಮಿಷಕ್ಕೊಮ್ಮೆ ಒತ್ತಡ, ಉಷ್ಣತೆ ಬರೆದಿಟ್ಟುಕೊಳ್ಳುತ್ತದೆ. ಮೇಲೆತ್ತಿ ಲ್ಯಾಪ್‌ಟಾಪಿಗೆ ಜೋಡಿಸಿದರೆ ಸಾಫ್ಟ್‌ವೇರ್ ಗ್ರಾಫ್ ತೋರಿಸುತ್ತದೆ.

ಮೊದಲ ದಿನವೇ ತಲೆ ಕೆಟ್ಟಿತು. ಕಟ್ಟೆಯ ಗುರುತಿನಿಂದ 8.60 ಮೀಟರ್ ಕೆಳಗೆ ಸೆನ್ಸರ್ ಇದೆ. ಅದರ ಮೇಲೆ 11.40 ಮೀಟರ್ ನೀರಿದೆ ಎನ್ನುತ್ತದೆ ಸಾಫ್ಟ್‌ವೇರ್! ಹಾಗಾದರೆ ನೀರು ಕಟ್ಟೆ ದಾಟಿ ಅಂಗಳಕ್ಕೆ ಬಂದಿರಬೇಕಿತ್ತು.

ವಿಷಯ ಇಷ್ಟೇ. ಈ ಜಾತಿಯ ಸೆನ್ಸರ್ ತನ್ನ ಮೇಲಿರುವ ನೀರನ್ನೂ, ಆ ನೀರಿನ ಮೇಲಿರುವ ಗಾಳಿಯನ್ನೂ ಸೇರಿಸಿ ತೂಗುತ್ತದೆ. ಗಾಳಿಯ ಪಾಲನ್ನು ನಾವು ಕಳೆಯಬೇಕು. ಲೆಕ್ಕ ಸುಲಭ: ಒಂದು ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡ ಅಳೆಯುವ ಮಾನ) ಅಂದರೆ ಸುಮಾರು 1.02 ಸೆಂಟಿಮೀಟರ್ ನೀರು. ಫೋನಿನ ಹವಾಮಾನ ಆ್ಯಪ್‌ನಲ್ಲಿ ಒತ್ತಡ 1012 ಅಂತ ಇತ್ತು. ಅದನ್ನೇ ಹಾಕಿದೆ. ಉಳಿದದ್ದು 1.08 ಮೀಟರ್ ನೀರು.

ಸುಮ್ನೆ ನಂಬಿಬಿಡುತ್ತಿದ್ದೆ. ಟೇಪ್ ಬಿಟ್ಟು ನೋಡಿದ್ದಕ್ಕೆ ಬಚಾವಾದೆ. ನಾನು ಅಳೆಯುವುದು ಹಳೇ ಕ್ರಮದಲ್ಲೇ. ಸ್ಟೀಲ್ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಇಳಿಸುತ್ತೇನೆ. ಕಟ್ಟೆಯ ಗುರುತಿಗೆ ಸರಿಯಾಗಿ 7 ಮೀಟರ್ ಹಿಡಿದೆ. ಮೇಲೆತ್ತಿದಾಗ ತುದಿಯ 50 ಸೆಂಟಿಮೀಟರ್ ಒದ್ದೆಯಾಗಿತ್ತು. ಅಂದರೆ ನೀರು ಇರುವುದು 6.50 ಮೀಟರ್ ಕೆಳಗೆ, ಸೆನ್ಸರ್ ಮೇಲೆ 2.10 ಮೀಟರ್. ಆ್ಯಪ್ ನಂಬಿದ್ದಕ್ಕೆ ಒಂದು ಮೀಟರಿಗಿಂತ ಜಾಸ್ತಿ ತಪ್ಪು.

ಆ್ಯಪ್‌ಗಳು ಸಾಮಾನ್ಯವಾಗಿ ತೋರಿಸುವುದು ಸಮುದ್ರ ಮಟ್ಟಕ್ಕೆ ಇಳಿಸಿ ಹೇಳಿದ ಒತ್ತಡ. ನಮ್ಮ ತೋಟ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿನ ನಿಜವಾದ ಒತ್ತಡ 912ರ ಆಸುಪಾಸು. ಮಂಗಳೂರಿನವರಿಗೆ ಆ ಆ್ಯಪ್ ಲೆಕ್ಕ ಹೆಚ್ಚುಕಡಿಮೆ ನಡೆದೀತು, ಘಟ್ಟ ಹತ್ತಿದವರಿಗೆ ನಡೆಯುವುದಿಲ್ಲ. ಟೇಪಿಗೆ ಹೊಂದುವಂತೆ 912 ಹಾಕಿಕೊಂಡು ಮುಂದುವರಿದೆ.

ಒಂದು ವಾರ ಬಿಟ್ಟು ಗ್ರಾಫ್ ನೋಡಿದರೆ, ನೀರು ದಿನಕ್ಕೆ ಎರಡು ಸಲ ಇಳಿಯುತ್ತಿದೆ. ಬೆಳಗಿನ ಜಾವ ನಾಲ್ಕಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ. ಪ್ರತಿದಿನ, ಗಡಿಯಾರ ಇಟ್ಟಂತೆ, ಮೂರು ಸೆಂಟಿಮೀಟರ್. ಆ ವಾರ ನಮ್ಮ ಲೈನಿಗೆ ಬೋರ್ ಮೋಟಾರ್ ಓಡಿಸುವ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದು ರಾತ್ರಿ ಹೊತ್ತು. ಇನ್ನೇನು ಸಾಕ್ಷಿ ಬೇಕು? ಪ್ರಿಂಟ್ ತೆಗೆದುಕೊಂಡು ಅಣ್ಣನ ಮನೆಗೆ ಹೋದೆ.

ಅವರು ಕನ್ನಡಕ ಹಾಕಿ ನೋಡಿದರು. "ರಾತ್ರಿಯದ್ದು ಬಿಡು ತಮ್ಮಾ, ಸಂಜೆ ನಾಲ್ಕಕ್ಕೆ ನನಗೆ ತ್ರೀ ಫೇಸೇ ಇರಲಿಲ್ಲವಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಫಿ ಕುಡಿದು ವಾಪಸ್ ಬಂದೆ.

ಉತ್ತರ ಗಾಳಿಯಲ್ಲೇ ಇತ್ತು. ನಮ್ಮಂಥ ಬಿಸಿ ಸೀಮೆಯಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಹತ್ತು ಗಂಟೆಯ ಸುಮಾರಿಗೆ ಏರು, ನಾಲ್ಕರ ಸುಮಾರಿಗೆ ಇಳಿ, ಹಗಲೂ ಹಾಗೇ ರಾತ್ರಿಯೂ ಹಾಗೇ. ಸಮುದ್ರದ ಉಬ್ಬರ ಇಳಿತದ ಹಾಗೆ, ಆದರೆ ಇದಕ್ಕೆ ಮುಖ್ಯ ಕಾರಣ ಚಂದ್ರ ಅಲ್ಲ, ಸೂರ್ಯನ ಬಿಸಿ. ಮೂರು ಹೆಕ್ಟೊಪಾಸ್ಕಲ್ ವ್ಯತ್ಯಾಸ ಅಂದರೆ ಮೂರು ಸೆಂಟಿಮೀಟರ್ ನೀರು. 912 ಎನ್ನುವ ಒಂದೇ ಅಂಕಿ ಹಿಡಿದು ಕೂತರೆ ಅದು ಹೋಗುವುದಿಲ್ಲ. ಗಾಳಿಯನ್ನೂ ಹದಿನೈದು ನಿಮಿಷಕ್ಕೊಮ್ಮೆ ಅಳೆದು ಕಳೆಯಬೇಕು. ಅದಕ್ಕಾಗಿ ಇನ್ನೊಂದು ಲಾಗರ್, ಬ್ಯಾರೊ ಲಾಗರ್, ಕೊಂಡೆ. ಮನೆಯಲ್ಲಿ ಬೈಸಿಕೊಂಡದ್ದು ಬೇರೆ ಲೆಕ್ಕ.

ಮುಂದಿನ ತಪ್ಪು ಪೂರ್ತಿ ನನ್ನದೇ. ಅವತ್ತು ನನ್ನ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿತ್ತು. ಬ್ಯಾರೊ ಲಾಗರನ್ನು ಮಗಳ ಆಫೀಸ್ ಲ್ಯಾಪ್‌ಟಾಪಿನಲ್ಲಿ ಚಾಲು ಮಾಡಿದೆ. ಹತ್ತು ದಿನ ಬಿಟ್ಟು ಎರಡೂ ಫೈಲ್ ತೆಗೆದು, ಸಾಫ್ಟ್‌ವೇರಿನಲ್ಲಿ ಬ್ಯಾರೊಮೆಟ್ರಿಕ್ ಕಾಂಪೆನ್ಸೇಶನ್, ಅಂದರೆ ಗಾಳಿಯ ಪಾಲು ಕಳೆಯುವ ಬಟನ್, ಒತ್ತಿದೆ. ಏರಿಳಿತ ಮಾಯವಾಗಬೇಕಿತ್ತು ಅಲ್ವಾ? ಮೂರು ಸೆಂಟಿಮೀಟರ್ ಇದ್ದದ್ದು ಆರರ ಹತ್ತಿರ ಹೋಯಿತು!

ಎರಡು ದಿನ ಸೆನ್ಸರನ್ನೇ ಬೈದೆ. ಆಮೇಲೆ ಎರಡು ಫೈಲನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಬಾವಿಯ ಗೆರೆ ಬೆಳಿಗ್ಗೆ ಹತ್ತಕ್ಕೆ ಏರುತ್ತದೆ, ಗಾಳಿಯ ಗೆರೆ ನಾಲ್ಕೂವರೆಗೆ. ಮಗಳ ಲ್ಯಾಪ್‌ಟಾಪಿನಲ್ಲಿದ್ದದ್ದು ಲಂಡನ್ನಿನ ಚಳಿಗಾಲದ ಸಮಯ. ನಮಗಿಂತ ಐದೂವರೆ ಗಂಟೆ ಹಿಂದೆ. ಚಾಲು ಮಾಡಿದ ಲ್ಯಾಪ್‌ಟಾಪಿನ ಸಮಯವನ್ನೇ ಲಾಗರ್ ಹಿಡಿದುಕೊಂಡಿತ್ತು. ಏರಿನಿಂದ ಇಳಿಗೆ ಆರು ಗಂಟೆ. ಹಾಗಾಗಿ ಗಾಳಿ ಏರಿದ ಹೊತ್ತಿನಲ್ಲಿ ಸಾಫ್ಟ್‌ವೇರ್ ಅದು ಇಳಿದಾಗಿನ ಅಂಕಿಯನ್ನು ಕಳೆಯುತ್ತಿತ್ತು. ತಪ್ಪು ಹೋಗುವ ಬದಲು ಎರಡು ಪಟ್ಟಾಯಿತು. ಬ್ಯಾರೊ ಫೈಲಿನ ಸಮಯವನ್ನು 5 ಗಂಟೆ 30 ನಿಮಿಷ ಮುಂದಕ್ಕೆ ತಳ್ಳಿ ಮತ್ತೆ ಒತ್ತಿದೆ. ಗೆರೆ ನೆಟ್ಟಗಾಯಿತು. ಈಗ ಎರಡೂ ಲಾಗರನ್ನು ಒಂದೇ ಲ್ಯಾಪ್‌ಟಾಪಿನಲ್ಲಿ, ಒಂದರ ಹಿಂದೊಂದು ಚಾಲು ಮಾಡುತ್ತೇನೆ.

ಪೂರ್ತಿ ನೆಟ್ಟಗೆ ಅನ್ನಲಾರೆ. ಬೆಳಿಗ್ಗೆ ಆರೂವರೆಗೆ ಒಂದು ಸಣ್ಣ ಗುಂಡಿ ಉಳಿದಿತ್ತು, ಮಧ್ಯಾಹ್ನದೊಳಗೆ ತುಂಬಿಕೊಳ್ಳುತ್ತಿತ್ತು. ಅದು ನಮ್ಮದೇ ಮನೆಯ ಅರ್ಧ ಎಚ್‌ಪಿ ಮೋಟಾರ್, ಟ್ಯಾಂಕ್ ತುಂಬಿಸುವುದು.

ಏಪ್ರಿಲ್‌ನಲ್ಲಿ ಒಂದು ರಾತ್ರಿ ನೀರು 12 ಸೆಂಟಿಮೀಟರ್ ಏರಿದಂತೆ ಕಂಡಿತು. ಮಳೆ ಇಲ್ಲ, ಏನಿಲ್ಲ. ಹದಿನೈದು ನಿಮಿಷದೊಳಗೆ ಗೋಡೆಯಂತೆ ನೇರ ಏರು. ನೀರು ಹಾಗೆ ಏರುವುದಿಲ್ಲ. ತಂತಿಯ ಕ್ಲಿಪ್ ಜಾರಿ ಸೆನ್ಸರ್ ಕೆಳಗಿಳಿದಿತ್ತು. ಹಿಂದಿನ ಭಾನುವಾರದ ಟೇಪಿನ ಅಳತೆ, ಅವತ್ತಿನ ಅಳತೆ ಎರಡೂ ಇದ್ದದ್ದಕ್ಕೆ ಎಷ್ಟು ಜಾರಿದೆ ಅಂತ ಖಾತ್ರಿಯಾಯಿತು. ಅಲ್ಲಿಂದ ಮುಂದಿನ ಎಲ್ಲ ಅಂಕಿಗೂ 12 ಕಳೆದೆ. ಸಾಫ್ಟ್‌ವೇರ್‌ನಲ್ಲಿ ಇಂಥದ್ದನ್ನು ಆರಂಭದಿಂದ ಕೊನೆಯವರೆಗೆ ಸ್ವಲ್ಪ ಸ್ವಲ್ಪವೇ ಹಂಚುವ ಆಯ್ಕೆಯೂ ಇದೆ. ಅದು ಸೆನ್ಸರ್ ನಿಧಾನವಾಗಿ ದಾರಿ ತಪ್ಪಿದಾಗ ಮಾತ್ರ. ಒಮ್ಮೆಲೇ ಜಾರಿದ್ದಕ್ಕೆ ಹಾಕಿದರೆ ಸರಿ ಇದ್ದ ದಿನಗಳೂ ಕೆಡುತ್ತವೆ. ಏನೇ ತಿದ್ದಿದರೂ ಮೂಲ ಫೈಲ್ ಮುಟ್ಟಬೇಡಿ. ಕಾಪಿ ಮಾಡಿ ತಿದ್ದಿ.

ಬ್ಯಾರೊ ಲಾಗರನ್ನು ಮೊದಲು ಪಂಪ್ ಶೆಡ್ಡಿನಲ್ಲಿ ಇಟ್ಟಿದ್ದೆ. ಶೀಟಿನ ಬಿಸಿ ಜಾಸ್ತಿ ಅಂತ ಬಾವಿಯೊಳಗೇ, ಕಟ್ಟೆಯಿಂದ ಒಂದು ಮೀಟರ್ ಕೆಳಗೆ ನೇತುಹಾಕಿದೆ. ಬೇಸಿಗೆಗೆ ಒಳ್ಳೆಯ ಜಾಗ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಗೆ ನೀರು ಅಲ್ಲಿಯವರೆಗೂ ಬಂದು ಅದನ್ನೂ ಮುಳುಗಿಸಿತು. ನೀರು ಏರುತ್ತಲೇ ಇದ್ದರೂ ಗ್ರಾಫ್ ಹಲಗೆಯಂತೆ ಸಪಾಟು. ಎರಡೂ ಲಾಗರ್ ನೀರನ್ನೇ ತೂಗುತ್ತಿದ್ದರೆ ವ್ಯತ್ಯಾಸ ಎಲ್ಲಿಂದ ಬರಬೇಕು? ಆ ಎಂಟು ದಿನದ ಲೆಕ್ಕ ಹೋಯಿತು. ಈಗ ಅದು ಮನೆಯ ಹಿಂದಿನ ಜಗಲಿಯ ನೆರಳಿನಲ್ಲಿದೆ.

ಅಣ್ಣನಿಗೆ ಇದನ್ನೆಲ್ಲ ಹೇಳಿ ತಪ್ಪೊಪ್ಪಿಕೊಂಡೆ. ಅವರಿಗೇ ಕುತೂಹಲ ಹತ್ತಿತು. ಅವರ ತೋಟದ ಇನ್ನೊಂದು ಮೂಲೆಯಲ್ಲಿ ಮೋಟಾರ್ ಇಳಿಸದ ಹಳೇ ಬೋರ್ ಇದೆ. ಅದರೊಳಗೆ ಲಾಗರ್ ಬಿಟ್ಟೆವು. ಸಮಯ ಸರಿ ಇತ್ತು, ಗಾಳಿ ಕಳೆದದ್ದೂ ಸರಿ ಇತ್ತು. ಆದರೂ ದಿನಕ್ಕೆರಡು ಸಲ ಸಣ್ಣ ಇಳಿತ ಉಳಿಯಿತು, ಈ ಸಲ ಹತ್ತು ಗಂಟೆಗೆ. ಇದು ತಪ್ಪಲ್ಲ. ಬಂಡೆಯ ಬಿರುಕಿನಲ್ಲಿ ಮುಚ್ಚಿಕೊಂಡಿರುವ ನೀರಿನ ಮೇಲೆ ಗಾಳಿಯ ಭಾರವನ್ನು ಬಂಡೆಯೂ ಹೊರುತ್ತದೆ, ಬೋರ್ ತೂತಿನಲ್ಲಿ ಮಾತ್ರ ಗಾಳಿ ಪೂರ್ತಿ ಒತ್ತುತ್ತದೆ. ಹಾಗಾಗಿ ಗಾಳಿ ಏರಿದಾಗ ಅಲ್ಲಿ ನೀರು ನಿಜವಾಗಿಯೇ ಸ್ವಲ್ಪ ಕೆಳಗೆ ಹೋಗುತ್ತದೆ. ತೆರೆದ ಬಾವಿಯಲ್ಲಿ ಹೀಗಾಗುವುದಿಲ್ಲ.

ಅಣ್ಣ ಗ್ರಾಫಿನ ಮೇಲೆ ಬೆರಳಿಟ್ಟು ನಕ್ಕರು. "ಇದರಲ್ಲಿ ಮೋಟಾರೇ ಇಲ್ಲ ತಮ್ಮಾ. ಇದನ್ನು ಯಾರ ತಲೆಗೆ ಕಟ್ಟುತ್ತೀಯ?"