ಮೆಟ್ಟಿಲಿಳಿದು ನೋಡಿದ ರೋಮ್

ರೋಮ್ ತಲುಪಿದ ಮೊದಲ ದಿನ ನಾನು ಹದಿನೈದು ಸ್ಥಳಗಳ ಪಟ್ಟಿ ಹಿಡಿದು, ಒಂದೊಂದರ ಮುಂದೆ ಐದು ನಿಮಿಷ ನಿಂತು, ಫೋಟೊ ತೆಗೆದು ಮುಂದಕ್ಕೆ ಓಡಿದೆ. ಸಂಜೆಯ ಹೊತ್ತಿಗೆ ಪಟ್ಟಿಯೂ ಮುಗಿದಿತ್ತು, ಕಾಲಿನ ಶಕ್ತಿಯೂ ಮುಗಿದಿತ್ತು. ಹಳೆಯ ಬೀದಿಗಳಿಗೆ ಹಾಸಿರುವ ಸಾಂಪಿಯೆತ್ರಿನಿ ಎಂಬ ಕಪ್ಪು ಕಲ್ಲುಗಳ ಮೇಲೆ ತೆಳು ಅಟ್ಟೆಯ ಚಪ್ಪಲಿ ಹಾಕಿಕೊಂಡು ದಿನವಿಡೀ ನಡೆದ ತಪ್ಪು ನನ್ನದೇ. ಆದರೆ ಏನೆಲ್ಲ ನೋಡಿದೆ ಎಂದು ರಾತ್ರಿ ನೆನಪಿಸಿಕೊಂಡರೆ, ಒಂದಕ್ಕೊಂದು ಸಂಬಂಧವಿಲ್ಲದ ಕಟ್ಟಡಗಳಷ್ಟೇ ಕಣ್ಣ ಮುಂದೆ ಬಂದವು.

ಮರುದಿನ ಪಟ್ಟಿಯನ್ನು ಕೋಣೆಯಲ್ಲೇ ಬಿಟ್ಟು, ಗಟ್ಟಿ ಅಟ್ಟೆಯ ಬೂಟು ಹಾಕಿಕೊಂಡು, ಒಂದೇ ಒಂದು ಪ್ರಶ್ನೆಯೊಂದಿಗೆ ಹೊರಟೆ: ಇಲ್ಲಿಯ ಪ್ರಾಚೀನ ಕಟ್ಟಡಗಳು ಇಂದಿನ ರಸ್ತೆಗಿಂತ ಅಷ್ಟು ಕೆಳಗೆ ಏಕಿವೆ? ಹಿಂದಿನ ದಿನ ಲಾರ್ಗೊ ಅರ್ಜೆಂಟೀನಾ ಎಂಬ ಚೌಕದಲ್ಲಿ ಕಂಬಿ ಹಿಡಿದು ಬಗ್ಗಿ ನೋಡಿದಾಗ ಹುಟ್ಟಿದ ಪ್ರಶ್ನೆ ಅದು. ಸುತ್ತಲೂ ಬಸ್ಸುಗಳು ಓಡಾಡುವ ಆ ಚೌಕದ ನಡುವಿನ ಹಳ್ಳದಲ್ಲಿ ನಾಲ್ಕು ದೇವಾಲಯಗಳ ಅವಶೇಷಗಳಿವೆ. 1920ರ ದಶಕದಲ್ಲಿ ಹಳೆಯ ಮನೆಗಳನ್ನು ಕೆಡವುವಾಗ ಅವು ಬೆಳಕಿಗೆ ಬಂದವು. ಅವುಗಳ ಹಿಂದೆ, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಕೊಲೆ ನಡೆದ ಸೇನಾನಿ ಪಾಂಪೆ ಕಟ್ಟಿಸಿದ ಸಭಾಭವನದ ಅಡಿಪಾಯದ ಒಂದು ಭಾಗವೂ ಕಾಣುತ್ತದೆ. 2023ರಿಂದ ಪ್ರವಾಸಿಗರಿಗೆ ಕೆಳಗಿಳಿದು ನಡೆಯಲು ಹಾದಿ ಮಾಡಿದ್ದಾರೆ. ಪ್ರಾಚೀನ ರೋಮನ್ನರು ನಡೆದಾಡಿದ ಮಟ್ಟಕ್ಕೆ ಇಳಿದು ತಲೆಯೆತ್ತಿದಾಗ, ಬಸ್ಸುಗಳು ತಲೆಗಿಂತ ಎತ್ತರದಲ್ಲಿ ಹೋಗುತ್ತಿದ್ದವು.

ಅಲ್ಲಿಂದ ಪ್ಯಾಂಥಿಯನ್ ಎಂಬ ಪ್ರಾಚೀನ ದೇವಾಲಯಕ್ಕೆ ಕೆಲವೇ ನಿಮಿಷಗಳ ದಾರಿ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಪೂರ್ಣಗೊಂಡ ಈ ಕಟ್ಟಡದ 43.3 ಮೀಟರ್ ವ್ಯಾಸದ ಗುಮ್ಮಟವನ್ನು ನೋಡಲು ಎಲ್ಲರೂ ನೇರವಾಗಿ ಒಳಗೆ ಹೋಗುತ್ತಾರೆ. ನಾನು ಮೊದಲು ಚೌಕದ ಕಾರಂಜಿಯ ಬಳಿ ನಿಂತು, ಬಾಗಿಲಿನ ಕಡೆಗೆ ನೆಲ ಹೇಗೆ ಇಳಿಜಾರಾಗಿದೆ ಎಂಬುದನ್ನು ಗಮನಿಸಿದೆ. ಪ್ರಾಚೀನ ಕಾಲದಲ್ಲಿ ಜನ ಮೆಟ್ಟಿಲು ಹತ್ತಿ ಈ ಮುಖಮಂಟಪಕ್ಕೆ ಹೋಗುತ್ತಿದ್ದರು. ಇಂದು ನಾವು ಅದರತ್ತ ಇಳಿದು ಹೋಗುತ್ತೇವೆ. ಒಳಗೆ, ಗುಮ್ಮಟದ ನಡುಗಂಡಿಯಿಂದ ಬೀಳುವ ಮಳೆನೀರು ಹರಿದುಹೋಗಲೆಂದು ನೆಲವನ್ನು ನಡುವೆ ತುಸು ಉಬ್ಬಿಸಿ, ಅಲ್ಲಲ್ಲಿ ಸಣ್ಣ ತೂತುಗಳನ್ನು ಕೊರೆದಿದ್ದಾರೆ. ಎಲ್ಲರೂ ಮೇಲೆ ನೋಡುತ್ತಿದ್ದುದರಿಂದ ಆ ತೂತುಗಳನ್ನು ನೋಡಲು ನನಗೆ ನೂಕುನುಗ್ಗಲೇ ಇರಲಿಲ್ಲ.

ಉತ್ತರ ಸಿಕ್ಕಿದ್ದು ಹಿಂಬದಿಯ ಸಾಂತಾ ಮರಿಯಾ ಸೋಪ್ರಾ ಮಿನರ್ವಾ ಚರ್ಚಿನ ಎದುರು. ಶಿಲ್ಪಿ ಬರ್ನಿನಿ ರೂಪಿಸಿದ, ಬೆನ್ನ ಮೇಲೆ ಈಜಿಪ್ಟಿನ ಶಿಲಾಸ್ತಂಭ ಹೊತ್ತ ಆನೆಯ ಸುತ್ತ ಜನ ಸೇರಿದ್ದರು. ಅದಕ್ಕೆ ಬೆನ್ನು ಹಾಕಿ ಚರ್ಚಿನ ಮುಂಗೋಡೆಯ ಬಲಭಾಗವನ್ನು ನೋಡಿದರೆ, ಟೈಬರ್ ನದಿಯ ಪ್ರವಾಹದ ನೀರು ಯಾವ ವರ್ಷ ಎಲ್ಲಿಯವರೆಗೆ ಏರಿತ್ತು ಎಂದು ಗುರುತಿಸುವ ಕಲ್ಲಿನ ಫಲಕಗಳಿವೆ. 1598ರ ಗುರುತಂತೂ ನನ್ನ ತಲೆಗಿಂತ ಬಹಳ ಮೇಲಿದೆ. ನದಿ ಬಂದಾಗಲೆಲ್ಲ ಹೂಳು ಬಿಟ್ಟುಹೋಯಿತು, ಕುಸಿದ ಮನೆಗಳ ಕಲ್ಲುಮಣ್ಣನ್ನು ಸಾಗಿಸುವ ಬದಲು ಜನ ಅದರ ಮೇಲೆಯೇ ಹೊಸದನ್ನು ಕಟ್ಟಿದರು, ಹೀಗೆ ಶತಮಾನಗಳಲ್ಲಿ ನೆಲ ಮೇಲೆದ್ದಿತು. 1870ರ ಡಿಸೆಂಬರ್‌ನ ಪ್ರವಾಹದ ನಂತರ ನದಿಯ ಎರಡೂ ದಡಗಳಿಗೆ ಎತ್ತರದ ಗೋಡೆ ಕಟ್ಟಿದರು.

ಪಿಯಾಜಾ ನವೋನಾ ಎಂಬ ಚೌಕ ಉದ್ದನೆಯ ಆಕಾರದಲ್ಲಿದ್ದು ಒಂದು ತುದಿಯಲ್ಲಿ ದುಂಡಗಾಗಿರುವುದು, ಡೊಮಿಷಿಯನ್ ಚಕ್ರವರ್ತಿ ಕಟ್ಟಿಸಿದ ಕ್ರೀಡಾಂಗಣದ ಮೇಲೆ ಅದು ಬೆಳೆದದ್ದರಿಂದ. ಸುತ್ತಲಿನ ಮನೆಗಳು ನಿಂತಿರುವುದು ಪ್ರೇಕ್ಷಕರ ಮೆಟ್ಟಿಲುಗಳ ತಳಪಾಯದ ಮೇಲೆ. ಉತ್ತರದ ತುದಿಯ ಹಿಂದಿನ ಬೀದಿಗೆ ಹೋದರೆ ಕಟ್ಟಡವೊಂದರ ಅಡಿಯಲ್ಲಿ ಹಳೆಯ ಕಲ್ಲಿನ ಕಮಾನು ಕಾಣಿಸುತ್ತದೆ. ಚೌಕದ ನಡುವಿನ ನಾಲ್ಕು ನದಿಗಳ ಕಾರಂಜಿಯಲ್ಲಿ ನಮ್ಮ ಗಂಗೆಯೂ ಇದ್ದಾಳೆ. ಇದ್ದಾಳೆ ಎನ್ನುವುದೂ ತಪ್ಪು, ಅಲ್ಲಿ ಗಂಗೆ ಹುಟ್ಟುಗೋಲು ಹಿಡಿದ ಗಂಡಸು.

ಕೊನೆಗೆ ಕೊಲೊಸಿಯಂ ಆಚೆಗಿನ ಸ್ಯಾನ್ ಕ್ಲೆಮೆಂತೆ ಚರ್ಚಿಗೆ ನಡೆದೆ. ಸೇರಿದಾಗ ಮಧ್ಯಾಹ್ನ, ಬಾಗಿಲು ಮುಚ್ಚಿತ್ತು. ರೋಮಿನ ಅನೇಕ ಚರ್ಚುಗಳು ನಡುಹೊತ್ತಿನಲ್ಲಿ ಮುಚ್ಚಿರುತ್ತವೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕಿತ್ತು. ಬೀದಿಬದಿಯ ನಲ್ಲಿಯಲ್ಲಿ ಬಾಟಲಿ ತುಂಬಿಕೊಂಡು ನೆರಳಿನಲ್ಲಿ ಕಾದೆ. ಈ ನಲ್ಲಿಗಳ ಬಾಯಿಯನ್ನು ಬೆರಳಿನಿಂದ ಒತ್ತಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು.

ಬಾಗಿಲು ತೆರೆದ ಮೇಲೆ, 12ನೆಯ ಶತಮಾನದ ಚರ್ಚಿನಿಂದ ಮೆಟ್ಟಿಲಿಳಿದು 4ನೆಯ ಶತಮಾನದ ಚರ್ಚಿಗೆ, ಅಲ್ಲಿಂದ ಮತ್ತೂ ಇಳಿದು ರೋಮನ್ನರು ಪೂಜಿಸುತ್ತಿದ್ದ ಮಿತ್ರ (ಮಿಥ್ರಾಸ್) ದೇವರ ಗುಡಿಯಿರುವ ಪ್ರಾಚೀನ ರೋಮನ್ ಕೋಣೆಗಳಿಗೆ ಬಂದೆ. ಬೆಳಗಿನಿಂದ ಬಿಡಿಬಿಡಿಯಾಗಿ ನೋಡಿದ ಪದರಗಳು ಇಲ್ಲಿ ಒಂದೇ ಕಟ್ಟಡದಲ್ಲಿದ್ದವು. ತಂಪಾದ ಆ ಕೆಳಮಟ್ಟದಲ್ಲಿ ನೆಲದಡಿ ನೀರು ಹರಿಯುವ ಸದ್ದು ಕೇಳಿಸುತ್ತಿತ್ತು. ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಹೋಗಿ, ಎರಡು ಬಾರಿ ಅದೇ ಕೋಣೆಗೆ ಮರಳಿದೆ.