ಹೃದ್ರೋಗ, ಮಧುಮೇಹ ಇರುವವರು ವಿಡಿಯೊ ಕರೆಯಲ್ಲಿ ವ್ಯಾಯಾಮ ಮಾಡುವಾಗ

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರಿಗೆ, ಅದರ ಜೊತೆಗೆ ಸಕ್ಕರೆ ಕಾಯಿಲೆಯೂ ಇರುವವರಿಗೆ, ವ್ಯಾಯಾಮ ಚಿಕಿತ್ಸೆಯದೇ ಒಂದು ಭಾಗ. ಮತ್ತೆ ಮತ್ತೆ ದೂರದ ಆಸ್ಪತ್ರೆಗೆ ಹೋಗಿಬರಲಾಗದವರು ಫಿಸಿಯೋಥೆರಪಿಸ್ಟರಾದ ನಮ್ಮ ಮಾರ್ಗದರ್ಶನವನ್ನು ವಿಡಿಯೊ ಕರೆಯಲ್ಲಿ ಪಡೆಯಬಹುದು. ಆಸ್ಪತ್ರೆಯಲ್ಲಾದರೆ ನಿಮ್ಮ ಬೆವರು, ಏದುಸಿರು, ಬಿಳಿಚಿದ ಮುಖ ನಮ್ಮ ಕಣ್ಣಿಗೆ ತಾವಾಗಿಯೇ ಬೀಳುತ್ತವೆ. ಮೊಬೈಲಿನಲ್ಲಿ ನೀವು ತೋರಿಸಿದಷ್ಟು, ಹೇಳಿದಷ್ಟೇ ನಮಗೆ ತಿಳಿಯುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಈ ಕಾರಣದಿಂದಲೇ ಹುಟ್ಟಿದವು.

ಮೊದಲು ಹೃದ್ರೋಗ ತಜ್ಞರ ಒಪ್ಪಿಗೆ ಬೇಕು. ಎಕೋ ಮತ್ತು ಟ್ರೆಡ್‌ಮಿಲ್ ಪರೀಕ್ಷೆಯ ವರದಿ, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ, ಇವುಗಳ ಫೋಟೊ ತೆಗೆದು ಮುಂಚಿತವಾಗಿ ಕಳಿಸಿ. ಬಿಪಿ 180/110 ದಾಟಿದ್ದರೆ ಅಥವಾ ಕಾಲು ಊದಿಕೊಂಡು ಎರಡು ಮೂರು ದಿನಗಳಲ್ಲೇ ತೂಕ ಏರಿದ್ದರೆ ಅಂದು ವ್ಯಾಯಾಮ ಬಿಟ್ಟು ವೈದ್ಯರಿಗೆ ತಿಳಿಸಿ. ಸುಮ್ಮನೆ ಕುಳಿತಾಗಲೂ ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಮೊಬೈಲನ್ನು ಸ್ಟೂಲಿನ ಮೇಲೆ ಅಕ್ಕಿ ಡಬ್ಬಕ್ಕೆ ಒರಗಿಸಿ, ತಲೆಯಿಂದ ಪಾದದವರೆಗೆ ಕಾಣುವಷ್ಟು ಹಿಂದೆ ಸರಿದು ನಿಲ್ಲಿ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಬಿಳಿಚಿದ್ದು ತಿಳಿಯುವುದಿಲ್ಲ. ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು. ನೀವಿರುವ ಮನೆಯ ವಿಳಾಸವನ್ನೂ ಅವರ ಫೋನ್ ಸಂಖ್ಯೆಯನ್ನೂ ನಮಗೆ ಕೊಟ್ಟಿರಿ. ಮಧುಮೇಹದಿಂದ ಪಾದ ಜೋಮು ಹಿಡಿದಿರುವವರು ಬರಿಗಾಲಿನಲ್ಲಿ ಮಾಡಬಾರದು. ಮುಗಿದ ಮೇಲೆ ಅಂಗಾಲನ್ನು ಒಮ್ಮೆ ನೋಡಿಕೊಳ್ಳಿ.

ಇನ್ಸುಲಿನ್ ಅಥವಾ ಶುಗರನ್ನು ತೀರಾ ಇಳಿಸಬಲ್ಲ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಆರಂಭಕ್ಕೆ ಮೊದಲು ಶುಗರ್ ನೋಡಿಕೊಳ್ಳಬೇಕು. 90ಕ್ಕಿಂತ ಕಡಿಮೆಯಿದ್ದರೆ ಒಂದು ಬಾಳೆಹಣ್ಣು ತಿಂದು, ಏರಿದ ಮೇಲೆ ತೊಡಗಿ. 250 ದಾಟಿ ವಾಕರಿಕೆ, ಸುಸ್ತೂ ಇದ್ದರೆ ವ್ಯಾಯಾಮ ಬೇಡ, ವೈದ್ಯರನ್ನು ಕೇಳಿ. ನಡುವೆ 70ಕ್ಕಿಂತ ಕೆಳಗಿಳಿದರೆ ಅಲ್ಲಿಗೇ ನಿಲ್ಲಿಸಿ, ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ.

ಎಷ್ಟು ಶ್ರಮ ಸಾಕು ಎಂಬುದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಮೆಟೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆಗಳು ನಾಡಿ ಬಡಿತ ಏರದಂತೆ ತಡೆಯುವುದರಿಂದ, ಕೈಗಡಿಯಾರ ತೋರಿಸುವ ಸಂಖ್ಯೆಯನ್ನು ಮಾತ್ರ ನಂಬಿದರೆ ಮೋಸಹೋಗುತ್ತೇವೆ. ಇದೇ ಮಾತ್ರೆಗಳು ಶುಗರ್ ಇಳಿದಾಗಿನ ನಡುಕವನ್ನೂ ಎದೆಬಡಿತವನ್ನೂ ಮರೆಮಾಡುತ್ತವೆ. ಬೆವರು ಮಾತ್ರ ಉಳಿಯುತ್ತದೆ. ಶ್ರಮ ಎಷ್ಟೆನಿಸುತ್ತದೆ ಎಂದು ನೀವೇ ಅಂದಾಜಿಸಿ ಹೇಳುವ, ಬೋರ್ಗ್ ಎಂಬ 6ರಿಂದ 20ರವರೆಗಿನ ಅಳತೆಯಲ್ಲಿ 11ರಿಂದ 13, ಅಂದರೆ ಮಾತನಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಶ್ರಮ, ಹೆಚ್ಚಿನವರಿಗೆ ಸರಿಯಾದದ್ದು. ನಮ್ಮಲ್ಲಿ ಹಿರಿಯರು ಎಷ್ಟೇ ಆಯಾಸವಾದರೂ “ಏನಿಲ್ಲ, ಆರಾಮಾಗಿದ್ದೀನಿ” ಎಂದುಬಿಡುತ್ತಾರೆ. ಆದ್ದರಿಂದ ಜೋರಾಗಿ ಹತ್ತರವರೆಗೆ ಎಣಿಸಲು ಹೇಳುತ್ತೇನೆ. ಹಾಗೆ ಆರಾಮಾಗಿದ್ದೀನಿ ಎಂದ ಅಜ್ಜಿಯೊಬ್ಬರು ನಾಲ್ಕಕ್ಕೇ ನಿಂತು ಉಸಿರೆಳೆದುಕೊಂಡರು; ಕೂಡಲೇ ಕುರ್ಚಿಯಲ್ಲಿ ಕೂರಿಸಿದೆವು. ದಯವಿಟ್ಟು ಸಂಕೋಚಪಟ್ಟು ಆಯಾಸ ಮುಚ್ಚಿಡಬೇಡಿ.

ಮೊದಲ ವಾರ ನಿಂತಲ್ಲೇ ಹೆಜ್ಜೆ ಹಾಕುವುದು ಹತ್ತು ನಿಮಿಷ, ಕುರ್ಚಿಯಿಂದ ಎದ್ದು ಕೂರುವುದು ಎಂಟು ಸಲ, ಇಷ್ಟು ಸಾಕು. ಇದಕ್ಕೆ ಮುಂಚೆಯೂ ನಂತರವೂ ಐದರಿಂದ ಹತ್ತು ನಿಮಿಷ ನಿಧಾನದ ಚಲನೆ ಇರಲಿ. ಥಟ್ಟನೆ ನಿಲ್ಲಿಸಿದರೆ ಬಿಪಿ ಇಳಿದು ತಲೆಸುತ್ತು ಬರಬಹುದು. ಉಸಿರು ಬಿಗಿಹಿಡಿಯಬೇಡಿ. ವಾರಕ್ಕೆ 150 ನಿಮಿಷದ ಗುರಿಯನ್ನು ತಿಂಗಳುಗಳಲ್ಲಿ ಮುಟ್ಟಿದರೂ ಸರಿಯೇ. ಬೈಪಾಸ್ ಆದವರು ಕೈ ಮೇಲೆತ್ತುವ, ಭಾರ ಎತ್ತುವ ವ್ಯಾಯಾಮಕ್ಕೆ ಶಸ್ತ್ರಚಿಕಿತ್ಸಕರ ಅನುಮತಿ ಬರುವವರೆಗೆ ಕಾಯಬೇಕು.

ಎದೆ ಹಿಂಡಿದಂತಾದರೆ, ದವಡೆಗೋ ಎಡಗೈಗೋ ನೋವು ಹರಿದರೆ ತಕ್ಷಣ ನಿಲ್ಲಿಸಿ ಕುಳಿತುಕೊಳ್ಳಿ. ಮಧುಮೇಹಿಗಳಲ್ಲಿ ನೋವೇ ಇಲ್ಲದೆ ತಣ್ಣನೆಯ ಬೆವರು, ಉಬ್ಬಸ ಮಾತ್ರ ಕಾಣಿಸಬಹುದು. ವೈದ್ಯರು ನಾಲಿಗೆಯ ಕೆಳಗಿಡುವ ಮಾತ್ರೆ ಬರೆದುಕೊಟ್ಟಿದ್ದರೆ ಕುಳಿತೇ ಇಟ್ಟುಕೊಳ್ಳಿ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ ಮನೆಯವರು ಬೇರೆ ಫೋನಿನಿಂದ 108ಕ್ಕೆ ಕರೆ ಮಾಡಲಿ. ಆಂಬುಲೆನ್ಸ್ ಬಾಗಿಲಿಗೆ ಬರುವವರೆಗೂ ನಮ್ಮ ವಿಡಿಯೊ ಕರೆಯನ್ನು ನಿಲ್ಲಿಸಬೇಡಿ.